ಸತ್ತ ಮೇಲೆ ನಮ್ಮನೆಯವರು ಹಾಕಿದ ರಿಟರ್ನ್ಸ್

ನಮ್ಮನೆಯವರು ಬದುಕಿದ್ದಷ್ಟು ಕಾಲ ಒಂದು ವರ್ಷವೂ ಆದಾಯ ತೆರಿಗೆಯ ರಿಟರ್ನ್ಸನ್ನು ವಾಯಿದೆಯೊಳಗೆ ಹಾಕಿದವರಲ್ಲ. ಇವತ್ತು ನಾಳೆ ಎಂದು ತಳ್ಳಿ, ಆಮೇಲೆ ನನ್ನ ಮೇಲೆ ರೇಗಿ, ದಂಡ ಕಟ್ಟಿ, ‘ಮುಂದಿನ ವರ್ಷ ಬೇಗ ಹಾಕೋಣ ಕಣೇ’ ಎನ್ನುತ್ತಿದ್ದರು. ಅಂಥ ಮನುಷ್ಯ ಸತ್ತ ಮೇಲೆ, ವಾಯಿದೆಗೆ ಎಷ್ಟೋ ಮುಂಚೆ, ಒಂದು ತಪ್ಪಿಲ್ಲದೆ ರಿಟರ್ನ್ಸ್ ಹಾಕಿ, ಸರ್ಕಾರದಿಂದ ಬರಬೇಕಾಗಿದ್ದ ಹಣವನ್ನೂ ವಾಪಸು ಪಡೆದುಕೊಂಡಿದ್ದರು.

ಅದು ನನ್ನ ಕಣ್ಣಿಗೆ ಬಿದ್ದದ್ದು ದೋಹಾದಲ್ಲಿ, ಮುಶೈರಿಬ್‌ನ ನಮ್ಮ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ. ಡಬ್ಬಿಯಲ್ಲಿ ಚಿತ್ರಾನ್ನ, ಎದುರಿಗೆ ಕಂಪ್ಯೂಟರು. ಊರಿನ ನಾಡಕಚೇರಿಯಿಂದ ವಂಶವೃಕ್ಷದ ಪತ್ರ ತರಿಸಿ, ಸತ್ತವರ ಪರವಾಗಿ ರಿಟರ್ನ್ಸ್ ಹಾಕಲು ವಾರಸುದಾರಳೆಂದು ನೋಂದಾಯಿಸಿಕೊಂಡು, ಇಲಾಖೆಯ ಒಪ್ಪಿಗೆಗೆ ಕಾದು ಕಾದು ಅವತ್ತು ಒಳಗೆ ಹೋಗಿದ್ದೆ. ನೋಡಿದರೆ ಈಗಾಗಲೇ ಹಾಕಿಯಾಗಿದೆ ಎಂದಿತ್ತು. ತಾರೀಖು ನೋಡಿದೆ. ಆ ತಾರೀಖಿಗೆ ಅವರು ಸತ್ತು ಐದಾರು ತಿಂಗಳಾಗಿತ್ತು. ಚಮಚ ಕೈಯಲ್ಲೇ ಉಳಿಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಪಕ್ಕದ ಮೇಜಿನ ಮಲಯಾಳಿ ಹೆಂಗಸು ಬಂದು ಭುಜ ಮುಟ್ಟಿ ‘ಚೇಚಿ, ಎಂತು ಪಟ್ಟಿ’ ಎಂದು ಅವಳ ಭಾಷೆಯಲ್ಲಿ ಏನಾಯಿತೆಂದು ಕೇಳಿದಳು. ನಾನು ಹಿಂದಿಯಲ್ಲಿ ಏನೂ ಇಲ್ಲ ಎಂದು ಹೇಳಿ ಡಬ್ಬಿ ಮುಚ್ಚಿದೆ.

ಈ ಕಥೆಗೆ ತಲೆಬುಡ ತಿಳಿಯಬೇಕಾದರೆ ಅವರು ಹೋದ ದಿನದಿಂದ ಹೇಳಬೇಕು. ನಮ್ಮನೆಯವರು ದುಖಾನ್‌ನ ಎಣ್ಣೆ ಬಾವಿಗಳಲ್ಲಿ ಇಂಜಿನಿಯರು. ವಾರವೆಲ್ಲ ಅಲ್ಲಿನ ಕಂಪನಿ ಕ್ವಾರ್ಟರ್ಸು, ಗುರುವಾರ ಸಂಜೆ ಮದೀನತ್ ಖಲೀಫಾದ ನಮ್ಮ ಮನೆಗೆ. ಬರುವಾಗ ಕಾರಿನ ತುಂಬ ಮರಳು, ಒಗೆಯುವ ಬಟ್ಟೆಯ ಗಂಟು, ಮಗಳಿಗೆ ಚಾಕಲೇಟು. ಹೀಗೆ ಇಪ್ಪತ್ತು ವರ್ಷ ನಡೆಯಿತು. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಕಾರಿನ ಬಾಗಿಲು ತೆಗೆದು ಅಲ್ಲೇ ಕುಸಿದರಂತೆ. ಹೃದಯ. ನನಗೆ ಫೋನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಮ್ಮವರನ್ನು ಸುಡುವ ಏರ್ಪಾಡು ಇಲ್ಲಿಲ್ಲ, ಊರಿಗೇ ಕಳಿಸಬೇಕು. ಕಳಿಸುವುದೆಂದರೆ ಆಸ್ಪತ್ರೆ, ಪೊಲೀಸು, ರಾಯಭಾರ ಕಚೇರಿ, ಅವರ ಕಂಪನಿ, ವಿಮಾನದ ಸರಕು ವಿಭಾಗ, ಆ ಕಡೆ ಇಳಿಸಿಕೊಳ್ಳುವವರು, ಅಲ್ಲಿಂದ ಮೈಸೂರಿಗೆ ಆಂಬುಲೆನ್ಸು. ಒಂದೊಂದು ಬಾಗಿಲಿಗೂ ಒಂದೊಂದು ಕಾಗದ, ಒಂದರ ಮೇಲೆ ಮೊಹರು ಬೀಳದೆ ಇನ್ನೊಂದು ಏಳುವುದಿಲ್ಲ. ನನಗೆ ಅವತ್ತು ನನ್ನ ಚಪ್ಪಲಿ ಯಾವುದೆಂದು ಗೊತ್ತಾಗುತ್ತಿರಲಿಲ್ಲ, ಇದೆಲ್ಲ ಎಲ್ಲಿ ಗೊತ್ತಾಗಬೇಕು.

ಆಗ ಬಂದವರು ಉಡುಪಿಯಣ್ಣ. ಹೆಸರು ಬೇರೆಯಿದೆ, ಎಲ್ಲರೂ ಕರೆಯುವುದು ಹಾಗೆ. ಉಡುಪಿ ಕಡೆಯ ಕ್ರೈಸ್ತರು, ಮನೆಯಲ್ಲಿ ಕೊಂಕಣಿ, ಇಲ್ಲಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಗುಮಾಸ್ತರು. ಕತಾರಿನಲ್ಲಿ ಕನ್ನಡ ನಾಡಿನವರು ಯಾರೇ ತೀರಿಕೊಂಡರೂ ಮೊದಲ ಫೋನು ಹೋಗುತ್ತಿದ್ದುದು ಅವರಿಗೆ. ಅದಕ್ಕೆ ಅವರಿಗೆ ಸಂಬಳವಿಲ್ಲ, ಪದವಿಯಿಲ್ಲ. ಇಲ್ಲಿನ ಕನ್ನಡ ಸಂಘದವರು ಶಾಲು ಹೊದಿಸುತ್ತೇವೆಂದು ಕರೆದರೆ ‘ಡ್ಯೂಟಿ ಉಂಟು’ ಎಂದು ತಪ್ಪಿಸಿಕೊಳ್ಳುವ ಆಸಾಮಿ. ನನಗೆ ಅವರ ಮುಖಪರಿಚಯ ಬಿಟ್ಟರೆ ಬೇರೇನೂ ಇರಲಿಲ್ಲ.

“ಅಕ್ಕ, ನೀವು ಅಳಿ,” ಎಂದರು ಅವರು, ಆಸ್ಪತ್ರೆಯ ವರಾಂಡದಲ್ಲಿ ನನ್ನ ಪಕ್ಕ ಕೂತು. “ನಿಮಗೆ ಇವತ್ತು ಅದೊಂದೇ ಕೆಲಸ ಇರುದು. ಬಾಕಿದ್ದು ನಮಗೆ ಬಿಡಿ. ಅವರ ಫೋನ್ ಎಲ್ಲುಂಟು?”

ಫೋನಿನ ಬೀಗದ ಗುಟ್ಟು ನನಗೆ ಗೊತ್ತಿತ್ತು, ತೆಗೆದು ಕೊಟ್ಟೆ. ಅದರಲ್ಲಿ ಒಂದು ಫೋಲ್ಡರು. ಪಾಸ್‌ಪೋರ್ಟು, ಇಲ್ಲಿನ ಐಡಿ, ಪ್ಯಾನು, ಆಧಾರು, ಏನೇನೋ ರಸೀದಿ, ಎಲ್ಲದರ ಫೋಟೋ ಅದರೊಳಗೆ. ಪೊಲೀಸ್ ಠಾಣೆಯಲ್ಲಿ ಒಬ್ಬರು ಕಾಯುತ್ತಿದ್ದರು, ರಾಯಭಾರ ಕಚೇರಿ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಉಡುಪಿಯಣ್ಣ ಒಂದೊಂದನ್ನೇ ಆರಿಸುತ್ತ ಕೂರಲಿಲ್ಲ, ಇಡೀ ಫೋಲ್ಡರನ್ನೇ ತಮ್ಮ ವಾಟ್ಸಾಪ್ ಗುಂಪಿಗೆ ಕಳಿಸಿದರು. ಗಲ್ಫಿನಲ್ಲಿ ಹೆಣ ಊರಿಗೆ ಹೋಗುವುದೇ ಹೀಗೆ. ಸತ್ತವನ ಕಾಗದಗಳು ಫೋನಿನಿಂದ ಫೋನಿಗೆ ಹಾರುತ್ತವೆ, ಯಾರಿಗೆ ಯಾವ ಕಚೇರಿಯಲ್ಲಿ ಪರಿಚಯವಿದೆಯೋ ಅವರು ಅಲ್ಲಿಗೆ ಓಡುತ್ತಾರೆ. ಯಾರಿಂದ ಯಾರಿಗೆ ಹೋಯಿತು ಎಂದು ಆ ಹೊತ್ತಿನಲ್ಲಿ ಕೇಳುವವರಿಲ್ಲ. ಮೂರನೆಯ ದಿನ ನಮ್ಮನೆಯವರು ಮೈಸೂರಿನಲ್ಲಿದ್ದರು, ನಾನೂ ಮಗಳೂ ಮೊದಲೇ ಹೋಗಿ ಕಾದಿದ್ದೆವು, ಅವರ ತಮ್ಮ ಕೊಳ್ಳಿ ಇಟ್ಟರು.

ಅವರು ಹೋಗುವುದಕ್ಕೆ ಸ್ವಲ್ಪ ಮುಂಚೆ ಮೈಸೂರಿನ ಹೊರಗಿದ್ದ ಸೈಟೊಂದನ್ನು ಮಾರಿದ್ದೆವು. ಹೊರದೇಶದಲ್ಲಿರುವವರು ಸೈಟು ಮಾರಿದರೆ ಕೊಂಡವರು ದೊಡ್ಡ ಮೊತ್ತವನ್ನು ತೆರಿಗೆಯೆಂದು ಮುರಿದು ಸರ್ಕಾರಕ್ಕೆ ಕಟ್ಟುತ್ತಾರೆ. ಆಮೇಲೆ ನಾವು ರಿಟರ್ನ್ಸ್ ಹಾಕಿ, ನಿಜವಾಗಿ ಕಟ್ಟಬೇಕಾಗಿದ್ದು ಇಷ್ಟೇ ಎಂದು ತೋರಿಸಿದರೆ ಹೆಚ್ಚಿನದು ವಾಪಸು ಬರುತ್ತದೆ. ನಾನು ಪಡೆಯಲು ಹೋಗಿದ್ದು ಅದನ್ನೇ. ಅಷ್ಟರಲ್ಲಿ ಯಾರೋ ನಮ್ಮನೆಯವರಾಗಿ ಹೋಗಿ ತೆಗೆದುಕೊಂಡಿದ್ದರು.

ನಾನು ಲೆಕ್ಕಪತ್ರದ ವಿಭಾಗದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವಳು. ಆ ರಿಟರ್ನ್ಸನ್ನು ಇಳಿಸಿಕೊಂಡು ಸಾಲು ಸಾಲು ಓದಿದೆ. ಓದುತ್ತ ಓದುತ್ತ ಸಿಟ್ಟಿಗಿಂತ ಮೊದಲು ಬಂದದ್ದು ಬೆರಗು, ಸುಳ್ಳು ಯಾಕೆ ಹೇಳಲಿ. ಮಾವನವರ ಹೆಸರು ಸರಿ, ಮನೆಯ ಬಾಗಿಲ ನಂಬರು ಸರಿ, ಸೈಟು ಕೊಂಡ ವರ್ಷ ಸರಿ. ಸೈಟಿಗೆ ಕಾಂಪೌಂಡು ಕಟ್ಟಿಸಿದ ಖರ್ಚನ್ನೂ ಬಿಡದೆ ಲೆಕ್ಕಕ್ಕೆ ಸೇರಿಸಿದ್ದ, ಮಹಾನುಭಾವ. ಆ ಬಿಲ್ಲು ಉಳಿದಿದೆಯೆಂದೇ ನನಗೆ ಗೊತ್ತಿರಲಿಲ್ಲ. ನಾನೇ ಹಾಕಿದ್ದರೂ ಅಷ್ಟು ಚೆನ್ನಾಗಿ ಹಾಕುತ್ತಿರಲಿಲ್ಲ. ನನ್ನ ಗಂಡನನ್ನು ಒಬ್ಬ ಅಪರಿಚಿತ ಇಷ್ಟು ಶ್ರದ್ಧೆಯಿಂದ ಓದಿಕೊಂಡಿದ್ದಾನಲ್ಲ ಎಂದು ಮೈ ಜುಮ್ಮೆಂದಿತು. ಹಣ ಹೋಗಿದ್ದು ಉತ್ತರ ಭಾರತದ ಒಂದು ಊರಿನ ಬ್ಯಾಂಕಿಗೆ, ಅಲ್ಲಿ ನಮ್ಮನೆಯವರ ಹೆಸರಿನಲ್ಲೇ ಖಾತೆ ತೆರೆದಿದ್ದರು. ಆ ಊರಿಗೆ ನಾವು ರೈಲಿನಲ್ಲಿ ಕೂಡ ಹಾದುಹೋದವರಲ್ಲ.

ಅವರ ಇಂಡಿಯಾ ನಂಬರಿಗೆ ನಾನು ದುಡ್ಡು ಹಾಕುವುದನ್ನು ನಿಲ್ಲಿಸಿದ್ದೆ. ಅದು ತಾನಾಗಿ ಸತ್ತುಹೋಯಿತೆಂದು ತಿಳಿದಿದ್ದೆ. ಇಲಾಖೆಯ ಓಟಿಪಿ ಬರುವುದು ಆ ನಂಬರಿಗೇ ಎಂದು ಕಳ್ಳ ಅವರ ಕಾಗದಗಳನ್ನೇ ತೋರಿಸಿ ಅದಕ್ಕೆ ಹೊಸ ಸಿಮ್ ಪಡೆದಿದ್ದ. ಇದು ಗೊತ್ತಾಗಿದ್ದು ಮಗಳಿಂದ. ಹನ್ನೆರಡನೆಯ ತರಗತಿಯ ಹುಡುಗಿ, ಇಂಗ್ಲಿಷ್ ಶಾಲೆ, ಕನ್ನಡ ತಡವರಿಸುತ್ತಾಳೆ. ಅಪ್ಪ ಆ ನಂಬರಿನಿಂದ ವಾಟ್ಸಾಪಿನಲ್ಲಿ ಕಳಿಸಿದ್ದ ಹಳೆಯ ಮೆಸೇಜುಗಳನ್ನು ಆಗಾಗ ತೆಗೆದು ಓದುತ್ತಿದ್ದಳಂತೆ, ನನಗೆ ಹೇಳಿರಲಿಲ್ಲ. ಒಂದು ಸಂಜೆ ಅಡುಗೆಮನೆಗೆ ಬಂದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ.

“ಅಮ್ಮ, ಪಪ್ಪ ಆನ್‌ಲೈನ್ ಇದಾರೆ.”

ಫೋನು ಕಿತ್ತುಕೊಂಡು ನೋಡಿದೆ. ಅವರ ಹೆಸರು, ಪಕ್ಕದಲ್ಲಿ ಫೋಟೋ ಇಲ್ಲದ ಬರಿಯ ಬಿಳಿ ಬೊಂಬೆ, ಕೆಳಗೆ ಆ ಪದ. ನಾವಿಬ್ಬರೂ ಒಲೆಯ ಮುಂದೆ ನಿಂತು ಅದನ್ನೇ ನೋಡಿದೆವು. ಕಳ್ಳನೆಂದು ನನಗೆ ಗೊತ್ತು, ನೂರಕ್ಕೆ ನೂರು ಗೊತ್ತು. ಆದರೂ ಆ ಕ್ಷಣಕ್ಕೆ ನನ್ನ ಗಂಡ ಎಲ್ಲೋ ಒಂದು ಕಡೆ ಕೂತು ಫೋನು ಹಿಡಿದಿದ್ದಾರೆ ಎಂದೇ ಅನ್ನಿಸಿತು. ಆ ಪದ ಅಳಿಸಿಹೋಯಿತು. ಸಾರು ಉಕ್ಕಿ ಒಲೆಯೆಲ್ಲ ರಾಡಿಯಾಗಿತ್ತು. ಮಗಳು ಬಟ್ಟೆ ತಂದು ಒರೆಸಿದಳು.

ಮೈಸೂರಿನಲ್ಲಿ ನನ್ನ ತಮ್ಮ ಸೈಬರ್ ಠಾಣೆಗೆ ಓಡಾಡಿದ. ಇಲಾಖೆಗೂ ನಾನು ಇಲ್ಲಿಂದ ದೂರು ಹಾಕಿದೆ. ಆ ಖಾತೆಯನ್ನು ಬ್ಯಾಂಕಿನವರು ತಡೆಹಿಡಿದರು, ಅಷ್ಟರೊಳಗೆ ಅದರಲ್ಲಿ ಉಳಿದದ್ದು ಚಿಲ್ಲರೆ. ದೂರಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದ್ದು ಇವತ್ತಿಗೂ ಹಾಗೇ ಇದೆ. ಅದರ ಚಿಂತೆ ನನಗೆ ಅಷ್ಟಿರಲಿಲ್ಲ, ಸಂಬಳ ಬರುತ್ತದೆ, ಹೇಗೋ ನಡೆಯುತ್ತದೆ. ನನ್ನ ನಿದ್ದೆ ಕೆಡಿಸಿದ್ದು ತಮ್ಮನ ಒಂದು ಫೋನು.

“ಅಕ್ಕ, ಭಾವನ ಪೇಪರ್ಸ್ ಯಾರ್ಯಾರ ಕೈಗೆ ಹೋಗಿತ್ತು ಅಂತ ಕೇಳ್ತಿದಾರೆ. ಮೊದ್ಲು ಯಾರಿಗೆ ಕೊಟ್ರಿ, ಅವರ ಹೆಸರು, ಅಡ್ರೆಸ್ಸು ಬೇಕಂತೆ. ಅನುಮಾನ ಇದ್ರೆ ಅದನ್ನೂ ಬರೆಸಿ ಅಂದ್ರು.”

ಮೊದಲು ಕೊಟ್ಟಿದ್ದು ಒಬ್ಬರಿಗೇ. ಆ ಹೆಸರನ್ನು ಪೊಲೀಸು ಕಾಗದದಲ್ಲಿ ಬರೆಸುವುದೆಂದರೆ ಏನೆಂದು ನನಗೂ ಗೊತ್ತು, ಗಲ್ಫಿನಲ್ಲಿರುವ ಯಾರಿಗಾದರೂ ಗೊತ್ತು. ರಜಕ್ಕೆ ಊರಿಗೆ ಹೋದವನನ್ನು ಠಾಣೆಗೆ ಕರೆದರೆ ರಜ ಮುಗಿದರೂ ವಾಪಸು ಬರಲಾಗದೆ ಕೆಲಸ ಹೋದವರಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಹೆಣ ಸಾಗಿಸುವವನ ಮೇಲೆ ಕಳ್ಳತನದ ಗುಮಾನಿ ಒಮ್ಮೆ ಕೂತರೆ ಮತ್ತೆ ಯಾರು ಅವನ ಕೈಗೆ ಕಾಗದ ಕೊಡುತ್ತಾರೆ? ಉಡುಪಿಯಣ್ಣನ ಬಳಿ ಇದ್ದ ಆಸ್ತಿಯೇ ಅದೊಂದು, ಜನ ಕಣ್ಣು ಮುಚ್ಚಿ ಕೊಡುತ್ತಿದ್ದರು. ನಾನು ತಮ್ಮನಿಗೆ ‘ಗೊತ್ತಿಲ್ಲ ಅಂತ ಬರೆಸು’ ಎಂದೆ. ಆದರೂ ಉಡುಪಿಯಣ್ಣನಿಗೆ ತಿಳಿಸದೆ ಇರಲು ಮನಸ್ಸು ಒಪ್ಪಲಿಲ್ಲ, ಮನೆಗೆ ಕರೆದು ಎಲ್ಲ ಹೇಳಿದೆ.

ಸೋಫಾದ ತುದಿಯಲ್ಲಿ ಕೂತಿದ್ದರು. ಕಾಫಿ ಮುಟ್ಟಲಿಲ್ಲ.

“ಫೋಲ್ಡರ್ ಪೂರಾ ಕಳಿಸಿದ್ದು ನಾನು ಅಕ್ಕ. ಪಾಸ್‌ಪೋರ್ಟ್ ಒಂದು ಸಾಕಿತ್ತು. ನನ್ನ ಹೆಸರು ಬರೆಸಿ.”

“ಸುಮ್ನಿರಿ ಅಣ್ಣ. ನೀವೇನು ಕದ್ರಾ?”

“ಕದಿಯಲಿಲ್ಲ. ಆದ್ರೆ ಬಾಗಿಲು ತೆಗೆದಿಟ್ಟದ್ದು ನಾನಲ್ವಾ? ನೀವು ಬರೆಸದಿದ್ರೆ ನಾನೇ ನಿಮ್ಮ ತಮ್ಮನಿಗೆ ಫೋನ್ ಮಾಡಿ ಹೇಳುದು.”

ಹೇಳಿದಂತೆ ಮಾಡಿದರು ಕೂಡ. ತಮ್ಮ ಹೆಸರು, ಊರಿನ ಮನೆಯ ವಿಳಾಸ, ಇಲ್ಲಿನ ಕೆಲಸ, ಎಲ್ಲವನ್ನೂ ತಾವೇ ಹೇಳಿ ಬರೆಸಿದರು. ನನಗೆ ಸಿಟ್ಟು ಬಂತು. ಆಮೇಲೆ ಅವರೇ ಅಂದರು, “ಎಲ್ಲಿ ಜಾರಿತು ಅಂತ ನಾವೇ ನೋಡುವ. ಶುಕ್ರವಾರ ಮನೆಗೆ ಬನ್ನಿ, ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುವ.”

ಆ ಶುಕ್ರವಾರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅವರ ಪುಟ್ಟ ಮನೆ, ಗೋಡೆಯ ಮೇಲೆ ಏಸುವಿನ ಪಟ, ಅವರ ಹೆಂಡತಿ ಊರಿನಲ್ಲಿದ್ದುದರಿಂದ ಅವರೇ ಮಾಡಿದ ಕಡು ಚಹಾ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟರು. ಮೊದಲನೆಯದು ಪೊಲೀಸ್ ಠಾಣೆಗೆ ಓಡಿದ್ದ ಮಲಯಾಳಿಗೆ. ವಿಷಯ ಹೇಳುವ ಮೊದಲೇ ಆತ ಕೇಳಿದ, “ಆ ದುಖಾನ್ ಇಂಜಿನಿಯರಾ? ಅವರ ಮಗಳು ಹೇಗಿದ್ದಾಳೆ? ಶಾಲೆಗೆ ಹೋಗ್ತಿದ್ದಾಳಾ?” ನಾನು ದಂಗಾದೆ. ನಾನು ಆ ಮನುಷ್ಯನನ್ನು ನೋಡಿಯೇ ಇರಲಿಲ್ಲ. ಅವನು ನಾಲ್ವರಿಗೆ ಕಳಿಸಿದ್ದ. ಆ ನಾಲ್ವರಿಗೆ ಫೋನು ಹಾಕಿದೆವು. ಒಬ್ಬೊಬ್ಬರೂ ಇನ್ನಷ್ಟು ಜನರ ಹೆಸರು ಹೇಳಿದರು. ಹಾಗೆ ಹಿಡಿದುಕೊಂಡು ಹೋದಂತೆ ದೋಹಾ ದಾಟಿತು, ಕೋಝಿಕೋಡು ಬಂತು, ಬೆಂಗಳೂರಿನ ವಿಮಾನ ನಿಲ್ದಾಣ ಬಂತು.

ದೋಹಾ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಅವತ್ತು ಪಾಳಿಯಲ್ಲಿದ್ದ ಒಬ್ಬ ಸಿಕ್ಕಿದ. ವಿಮಾನದಲ್ಲಿ ತೂಕ ಭರ್ತಿಯಾಗಿದೆ, ಪೆಟ್ಟಿಗೆ ನಾಳೆ ಹೋಗಲಿ ಎಂದು ಮೇಲಿನವನು ಹೇಳಿದನಂತೆ. ಇವನು ಅವನ ಹಿಂದೆ ಹಿಂದೆ ತಿರುಗಿ, ಬೇಡಿ, ಕೊನೆಗೆ ಜಗಳವಾಡಿ, ಬೇರೆ ಸಾಮಾನು ಇಳಿಸಿ ಪೆಟ್ಟಿಗೆ ಹತ್ತಿಸಿದ. “ಅವತ್ತು ನನಗೆ ವಾರ್ನಿಂಗ್ ಲೆಟರ್ ಕೊಟ್ಟರು,” ಎಂದ ಹಿಂದಿಯಲ್ಲಿ, ನಗುತ್ತಾ. ಬೆಂಗಳೂರಿನ ಆಂಬುಲೆನ್ಸಿನವನು ಹೇಳಿದ, “ಅಮ್ಮ, ನಿಮ್ಮ ಕಡೆಯವರೊಬ್ರು ಜೊತೆಗೆ ಕೂತು ತುಂಬ ಅಳ್ತಿದ್ರು, ಅದಕ್ಕೆ ಮಂಡ್ಯದ ಹತ್ರ ನಿಲ್ಲಿಸಿ ಇಡ್ಲಿ ತಿನ್ನಿಸಿ ಕರ್ಕೊಂಡು ಹೋದೆ.” ಜೊತೆಗೆ ಕೂತಿದ್ದವನು ನನ್ನ ತಮ್ಮ. ಅವನು ಅತ್ತದ್ದನ್ನು ನನಗೆ ಹೇಳಿರಲೇ ಇಲ್ಲ.

ಇನ್ನೊಬ್ಬರು ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು, ಇಲ್ಲಿ ಬಟ್ಟೆಯ ಅಂಗಡಿ. ಅವರಿಗೆ ಕಾಗದ ಯಾಕೆ ಹೋಗಿತ್ತು ಎಂದು ಉಡುಪಿಯಣ್ಣನಿಗೂ ಅರ್ಥವಾಗಲಿಲ್ಲ. ಅವರು ಸಂಕೋಚದಿಂದ ಹೇಳಿದರು, “ಹೆಸರು ನೋಡಿ ಹಿಂದೂಗಳು ಅಂತ ಗೊತ್ತಾಯ್ತು. ಹೊಸ ಪಂಚೆ ಬೇಕಾಗ್ತದಲ್ವಾ, ಯಾರಿಗೂ ನೆನಪಿರುದಿಲ್ಲ ಅಂತ ಒಂದು ಬಿಳಿ ಪಂಚೆ ಕೊಟ್ಟುಬಂದೆ. ಕೆಂಪು ಅಂಚು ಇತ್ತು, ಆಗ್ತದಾ ಅಂತ ಗೊತ್ತಿರಲಿಲ್ಲ. ತಪ್ಪಾಯ್ತಾ ಅಕ್ಕ?”

ಮೈಸೂರಿನಲ್ಲಿ ಪೆಟ್ಟಿಗೆ ತೆರೆದಾಗ ಅವರ ಮೈಮೇಲಿದ್ದ ಕೆಂಪಂಚಿನ ಹೊಸ ಪಂಚೆಯನ್ನು ನಾನು ನೋಡಿದ್ದೆ. ಆಸ್ಪತ್ರೆಯವರು ಹಾಕಿರಬೇಕು ಎಂದುಕೊಂಡಿದ್ದೆ. ಉಡುಪಿಯಣ್ಣನೇ “ಆಗ್ತದೆ ಮಾರಾಯ್ರೆ, ಆಗ್ತದೆ” ಎಂದು ಹೇಳಿ ಫೋನು ಇಟ್ಟರು.

ಕಳ್ಳ ಸಿಗಲಿಲ್ಲ. ಮಧ್ಯದಲ್ಲಿ ಒಂದು ದೊಡ್ಡ ಗುಂಪಿಗೆ ಕಾಗದಗಳು ಹೋಗಿದ್ದವು, ಅದರಲ್ಲಿ ಯಾರು ಯಾರಿದ್ದಾರೆಂದು ಅದನ್ನು ಕಟ್ಟಿದವರಿಗೇ ಗೊತ್ತಿರಲಿಲ್ಲ. ಅಲ್ಲಿಗೆ ದಾರಿ ಮುಗಿಯಿತು. ಕಳ್ಳನನ್ನು ಹಿಡಿಯಲು ಹೋದ ನನಗೆ ಸಿಕ್ಕವರೆಲ್ಲ ನನ್ನ ಗಂಡನಿಗೆ ಹೆಗಲು ಕೊಟ್ಟವರು. ಒಂದು ಫೋನಿನಲ್ಲೂ ‘ನಾನ್ಯಾಕೆ ಹೇಳಲಿ’ ಎಂಬ ಮಾತು ಬರಲಿಲ್ಲ. ಇಷ್ಟು ಜನ ನಮಗಾಗಿ ಓಡಿದ್ದಾರೆ ಎಂಬುದು ಈ ಕಳ್ಳತನ ಆಗದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ನಿಂತ ಒಂದೊಂದು ಮುಖವನ್ನೂ ದಿಟ್ಟಿಸಿ ನೋಡಿದೆ. ಇವರಲ್ಲಿ ಯಾರು ಯಾರು ಮುಟ್ಟಿರಬಹುದು ಎನ್ನಿಸುತ್ತಿತ್ತು. ಎದೆ ತುಂಬಿ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಆದರೆ ನಾವು ಅಷ್ಟೊಂದು ಫೋನು ಮಾಡಿದ್ದು ಇನ್ನೊಂದು ಕಡೆಯಿಂದ ಹೊಡೆಯಿತು. ಮಾತು ಬಾಯಿಂದ ಬಾಯಿಗೆ ಹೋಗಿ ಬೆಳೆಯಿತು. ಯಾವನೋ ಪುಣ್ಯಾತ್ಮ ಸಂಘದ ಗುಂಪಿನಲ್ಲಿ ಎಚ್ಚರಿಕೆ ಎಂದು ಹಾಕಿದ. ಹೆಣ ಕಳಿಸುವ ನೆಪದಲ್ಲಿ ಕೆಲವರು ದಾಖಲೆ ಸಂಗ್ರಹಿಸುತ್ತಾರೆ, ಪೊಲೀಸ್ ಕೇಸಾಗಿದೆ, ಯಾರ ಕೈಗೂ ಕೊಡಬೇಡಿ. ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ, ಆ ಕೆಲಸ ಮಾಡುವವರು ಎಷ್ಟು ಜನ ಇದ್ದರು? ನಾನು ಅದೇ ಗುಂಪಿನಲ್ಲಿ ಅವನಿಗೆ ಬಾಯಿಗೆ ಬಂದಂತೆ ಬೈದು ಬರೆದೆ. ಪುಣ್ಯಾತ್ಮ ಅಳಿಸಿ ಹಾಕಿದ, ಅಷ್ಟರಲ್ಲಿ ಹೋಗಬೇಕಾದ ಕಡೆಗೆಲ್ಲ ಹೋಗಿತ್ತು. ಮರುದಿನ ಉಡುಪಿಯಣ್ಣ ಒಂದೊಂದೇ ಗುಂಪು ಬಿಟ್ಟರು. ಫೋನು ಮಾಡಿದರೆ, “ಖಲಾಸ್ ಅಕ್ಕ. ಇನ್ನು ಮಾಡುದಿಲ್ಲ. ನನ್ನ ಕೈಯಿಂದ ಇನ್ನೊಂದು ಮನೆ ಹಾಳಾಗುದು ಬೇಡ,” ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಜಗಳವಾಡಿ ಸರಿಮಾಡುತ್ತಿದ್ದೆ, ಆ ವಿದ್ಯೆ ನನಗೆ ಬರುತ್ತದೆ.

ಆ ನಡುವೆ ರಾಯಚೂರು ಕಡೆಯ ಒಬ್ಬ ಕೂಲಿಯವನು ತೀರಿಕೊಂಡ. ವಾರ ಕಳೆದರೂ ಅವನ ಹೆಣ ಶವಾಗಾರದಲ್ಲೇ ಇತ್ತು ಎಂದು ಆಮೇಲೆ ಕೇಳಿದೆ. ಓಡಾಡಲು ಹೋದವರು ಯಾವ ಕಚೇರಿಗೆ ಮೊದಲು ಹೋಗಬೇಕೆಂದು ಗೊತ್ತಾಗದೆ ತಿರುಗಿ ತಿರುಗಿ ಬಂದರಂತೆ. ಉಡುಪಿಯಣ್ಣನಿಗೆ ಅದು ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ನಮ್ಮ ಓಣಿಯ ಕೊನೆಯ ವಿಲ್ಲಾದಿಂದ ಫೋನು ಬಂತು. ಅಲ್ಲಿ ಮೇಲಿನ ಮನೆಯಲ್ಲಿ ದಾವಣಗೆರೆಯ ಒಂದು ಜೋಡಿ ಬಾಡಿಗೆಗಿತ್ತು, ಬಂದು ವರ್ಷವಾಗಿರಬೇಕು. ಹುಡುಗ ಆಫೀಸಿನಿಂದ ಬರುವಾಗ ರಸ್ತೆಯಲ್ಲಿ ಹೋಗಿಬಿಟ್ಟ. ಹುಡುಗಿಗೆ ಇಲ್ಲಿ ಯಾರೂ ಇಲ್ಲ. ಕೆಳಗಿನ ಮನೆಯವರು ‘ನಿಮಗೆ ಇದೆಲ್ಲ ಗೊತ್ತಲ್ಲ, ಬನ್ನಿ’ ಎಂದರು. ಗೊತ್ತು, ಗೊತ್ತಾಗಬಾರದಿತ್ತು. ಹೋದೆ. ಹುಡುಗಿ ನೆಲದ ಮೇಲೆ ಕೂತಿದ್ದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಗಂಡನ ಪಾಸ್‌ಪೋರ್ಟು. ಇನ್ನೂ ಅಳು ಬಂದಿರಲಿಲ್ಲ ಅವಳಿಗೆ. “ಅವರನ್ನ ಊರಿಗೆ ಕಳಿಸ್ಬೇಕು ಅಕ್ಕ. ಅತ್ತೆ ಮಾವ ಮುಖ ನೋಡ್ಬೇಕು,” ಎಂದು ಅದನ್ನೇ ಹೇಳುತ್ತಿದ್ದಳು.

ಮೆಟ್ಟಿಲ ಮೇಲೆ ನಿಂತು ಉಡುಪಿಯಣ್ಣನಿಗೆ ಫೋನು ಮಾಡಿದೆ.

“ನಾನು ಬಿಟ್ಟಿದ್ದೇನೆ ಅಕ್ಕ. ಬೇರೆ ಯಾರಿಗಾದ್ರೂ ಹೇಳಿ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅವತ್ತು ಅದು ಕೆಲಸಕ್ಕೆ ಬಂತು. “ಯಾರಿಗೆ ಹೇಳ್ಲಿ? ಹೇಳಿ, ಯಾರಿದಾರೆ? ಕಳೆದುಕೊಂಡವಳು ನಾನು. ನನಗಿಲ್ಲದ ವೈರಾಗ್ಯ ನಿಮಗ್ಯಾಕೆ ಅಣ್ಣ? ಈ ಮಗು ನೆಲದ ಮೇಲೆ ಕೂತಿದೆ. ನೀವು ಅಲ್ಲಿ ಮರ್ಯಾದೆ ಕಾಪಾಡ್ಕೊಂಡು ಕೂತ್ಕೊಳ್ಳಿ, ಹೆಣ ಇಲ್ಲೇ ಇರ್ಲಿ. ಯಲ್ಲಾ, ಆಯ್ತು, ಇಡಿ ಫೋನು.”

ನಾನೇ ಇಟ್ಟೆ. ಬರುತ್ತಾರೆಂಬ ನಂಬಿಕೆ ನನಗೆ ಇರಲಿಲ್ಲ. ಒಳಗೆ ಹೋಗಿ ಹುಡುಗಿಗೆ ನೀರು ಕುಡಿಸಿದೆ. ಗ್ಲಾಸು ಇಡುವಷ್ಟರಲ್ಲಿ ಅವರ ಫೋನು, ಮನೆ ಯಾವುದು ಎಂದು ಮಾತ್ರ ಕೇಳಿದರು.

ಬಂದರು. ಆಫೀಸಿನ ಅಂಗಿಯಲ್ಲೇ ಇದ್ದರು. ಒಳಗೆ ಬರದೆ ಹೊಸ್ತಿಲಾಚೆ ನಿಂತರು. ನಾನು ಹುಡುಗಿಗೆ ಹೇಳಿದೆ, “ಇವರು ಉಡುಪಿಯಣ್ಣ ಅಂತ. ಎಲ್ಲ ನೋಡ್ಕೋತಾರೆ. ಪಾಸ್‌ಪೋರ್ಟು ಇವರಿಗೆ ಕೊಡಮ್ಮ.”

ಹೆಸರು ಕೇಳಿದ್ದೇ ತಡ ಹುಡುಗಿ ಚೀಲವನ್ನು ಎದೆಗೆ ಒತ್ತಿಕೊಂಡಳು. ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ತಗ್ಗಿದ ದನಿಯಲ್ಲೇ ಕೇಳಿದಳು, ಆದರೆ ಆ ಚಿಕ್ಕ ಕೋಣೆಯಲ್ಲಿ ಕೇಳಿಸದೆ ಇರಲು ಸಾಧ್ಯವಿರಲಿಲ್ಲ.

“ಅಕ್ಕ, ಇವರ ಹತ್ರ ಕೊಟ್ಟಿದ್ದು ಯಾರದೋ ಪೇಪರು ಕಳುವಾಗಿತ್ತಂತಲ್ಲ. ಪೊಲೀಸ್ ಕೇಸಾಯ್ತಂತೆ. ಹೌದಾ?”

ಉಡುಪಿಯಣ್ಣ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೆಟ್ಟಿಲು, ಆಮೇಲೆ ಆ ಮನುಷ್ಯ ಯಾರ ಮನೆಗೂ ಬರುತ್ತಿರಲಿಲ್ಲ. ಅದು ನನಗೆ ನಿಚ್ಚಳವಾಗಿ ಗೊತ್ತಾಯಿತು.

“ಹೌದು,” ಎಂದೆ. “ಆ ಪೇಪರು ನಮ್ಮನೆಯವರದು.”

“ಆದ್ರೂ ಇವರನ್ನೇ ಕರೆಸಿದ್ರಾ?”

“ನಮ್ಮನೆಯವರನ್ನ ಊರಿಗೆ ಮುಟ್ಟಿಸಿದ್ದೂ ಇವರೇ ಕಣಮ್ಮ. ನಾಳೆ ನಾನು ಹೋದ್ರೂ ನನ್ನ ಮಗಳು ಇವರಿಗೇ ಫೋನ್ ಮಾಡ್ತಾಳೆ. ಕೊಡು.”

ಅವಳು ಚೀಲದೊಳಗೆ ಕೈಹಾಕಿ ಪಾಸ್‌ಪೋರ್ಟನ್ನು ತೆಗೆದಳು. ಎದ್ದು ಬಾಗಿಲವರೆಗೆ ಹೋಗಿ ಕೊಟ್ಟಳು. ಆಗ ಅವಳಿಗೆ ಅಳು ಬಂತು, ಬಾಗಿಲ ಚೌಕಟ್ಟು ಹಿಡಿದು ನಿಂತಲ್ಲೇ ಅತ್ತಳು. ಉಡುಪಿಯಣ್ಣ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಅಳು ತುಸು ತಗ್ಗುವ ತನಕ ಅಲ್ಲಾಡದೆ ಕಾದರು. ಆಮೇಲೆ ಅದನ್ನು ಅಂಗಿಯ ಒಳಜೇಬಿಗೆ ಇಟ್ಟು, ಗುಂಡಿ ಹಾಕಿ, ಫೋನು ತೆಗೆದು, ಹಿಂದೆ ಜೊತೆಗೆ ಓಡುತ್ತಿದ್ದವರಲ್ಲಿ ಒಬ್ಬರ ನಂಬರು ಒತ್ತಿದರು. ಬಹಳ ತಿಂಗಳ ಮೇಲೆ ಕೇಳಿದ ದನಿಯನ್ನು ಆ ಕಡೆಯವರು ನಂಬಲಿಲ್ಲವೆಂದು ಕಾಣುತ್ತದೆ.

“ಹೌದು ಮಾರಾಯ,” ಎಂದರು, “ನಾನೇ. ಹೊರಟು ಬಾ.”